ಸೋತವನು ತೋರಿಸುವ ನಡೆ

"ಗುರುಗಳೇ, ನನ್ನನ್ನು ಸೋಲಿಸಿದವಳಿಗೆ ಅವಳ ತಪ್ಪನ್ನು ನಾನೇ ಏಕೆ ತೋರಿಸಿಕೊಡಬೇಕು?" ಎಂದು ಶಿಷ್ಯ ಕೇಳಿದ.

ಜಿಲ್ಲಾ ಚದುರಂಗ ಪಂದ್ಯದಲ್ಲಿ ಅವನು ತನಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ ಸೋತು ಬಂದಿದ್ದ. ಸೋತ ಮೇಲೆ ಅವಳ ಆಟದಲ್ಲಿ ಒಂದು ಹುಳುಕು ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಅವಳಿಗೆ ತೋರಿಸಿಕೊಡು ಎಂದು ಗುರುಗಳು ಹೇಳಿದ್ದರು; ಮುಂದಿನ ಪಂದ್ಯಕ್ಕೆ ಬಚ್ಚಿಟ್ಟುಕೊಳ್ಳಬೇಕೆಂದು ಅವನ ಆಸೆ.

ಗುರುಗಳು ನಕ್ಕರು. "ಸೋತದ್ದಕ್ಕಿಂತ ಚಿಕ್ಕವಳಿಗೆ ಸೋತದ್ದು ಹೆಚ್ಚು ಉರಿಯುತ್ತಿದೆ, ಅಲ್ಲವೇ? ಇರಲಿ, ಕೇಳು" ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅದೇ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ವಾಚನಾಲಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ಚದುರಂಗ ಪಂದ್ಯದಲ್ಲಿ ಕೊನೆಗೆ ಉಳಿಯುತ್ತಿದ್ದವರು ಇವರಿಬ್ಬರೇ. ಒಂದು ವರ್ಷ ಇವನು ಗೆದ್ದರೆ ಇನ್ನೊಂದು ವರ್ಷ ಅವನು.

ಪಂದ್ಯ ಮುಗಿದರೂ ಅವರ ಆಟ ಮುಗಿಯುತ್ತಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು, ಕಾಯಿಗಳನ್ನು ಮತ್ತೆ ಜೋಡಿಸಿ, ಅದೇ ಆಟವನ್ನು ಮೊದಲಿನಿಂದ ನಡೆಸಿ ನೋಡುತ್ತಿದ್ದರು. ಗೆದ್ದವನು ಎಲ್ಲಿ ಸೋಲಬಹುದಿತ್ತು ಎಂದು ಸೋತವನು ತೋರಿಸುತ್ತಿದ್ದ. ಜಗಳವಾಡುತ್ತಿದ್ದರು. ಚಹಾ ಆರಿಹೋಗುತ್ತಿತ್ತು. ಮನೆಯಿಂದ ಕರೆಯಲು ಬಂದವರು ಕಾದು ಕಾದು ಬೈದು ಹೋಗುತ್ತಿದ್ದರು. ಈಗ ನೆನೆದರೆ ಹೊಟ್ಟೆಕಿಚ್ಚಾಗುವಂಥ ಸುಖ ಅದು.

ವ್ಯಾಪಾರಿ ತೀರಿಕೊಂಡ. ಆಮೇಲೆ ಪ್ರತಿ ವರ್ಷವೂ ಗಡಿಯಾರದವನೇ ಗೆದ್ದ. ಟ್ರೋಫಿ ಹಿಡಿದು, ಮೆಟ್ಟಿಲ ಕಡೆ ನೋಡದೆ ಮನೆಗೆ ಹೋಗುತ್ತಿದ್ದ. ಗೆಳೆಯನ ನೆನಪು ಅವನನ್ನು ಬಿಡಲಿಲ್ಲ. ಗೆಲ್ಲುವ ಚಟವೂ ಬಿಡಲಿಲ್ಲ.

ಒಂದು ವರ್ಷ ಪ್ರೈಮರಿ ಶಾಲೆಯ ಹುಡುಗಿಯೊಬ್ಬಳು ಬಂದು ಅವನನ್ನು ಸೋಲಿಸಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಏಳಲಿಲ್ಲ. ಕಾಯಿಗಳನ್ನು ಮತ್ತೆ ಜೋಡಿಸಿ, ಆಟವನ್ನು ಅರ್ಧದವರೆಗೆ ನಡೆಸಿ ಕೇಳಿದಳು: "ಅಂಕಲ್, ಇಲ್ಲಿ ನಿಮ್ಮ ಕುದುರೆ ಈ ಮನೆಗೆ ಬಂದಿದ್ರೆ ನಾನೇನ್ ಮಾಡ್ಬೇಕಿತ್ತು?"

ಅವನು ಬಗ್ಗಿ ಬೋರ್ಡನ್ನು ನೋಡಿದ. ಕುದುರೆ ಅಲ್ಲಿಗೆ ಬಂದಿದ್ದರೆ ಅವಳ ಕತೆ ಮುಗಿಯುತ್ತಿತ್ತು. ಆಡುವಾಗ ಅದು ಅವನಿಗೆ ಹೊಳೆದಿರಲಿಲ್ಲ.

"ಏನೂ ಆಗ್ತಿರ್ಲಿಲ್ಲ ಮಗೂ. ಚೆನ್ನಾಗಿ ಆಡಿದೀಯ, ಹೀಗೇ ಆಡು" ಎಂದು ಎದ್ದು ಹೋದ.

ಹುಡುಗಿ ನಂಬಿದಳು. ಅಷ್ಟು ವರ್ಷ ಗೆದ್ದವರು ಹೇಳಿದ ಮೇಲೆ ಇನ್ನೇನು? ಮರುವರ್ಷವೂ ಅದೇ ಆಟ ಆಡಿದಳು. ಗಡಿಯಾರದವನ ಕುದುರೆ ಅದೇ ಮನೆಗೆ ಬಂದು ಕೂತಿತು. ಹುಡುಗಿ ಬೋರ್ಡನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು. ಆದರೆ ಸೋಲೊಪ್ಪಲಿಲ್ಲ. ಉಳಿದ ಕಾಯಿಗಳಲ್ಲೇ ಅವನನ್ನು ಎಷ್ಟೋ ಹೊತ್ತು ಕಾಡಿದಳು. ಅವನು ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಸುರಿದು ಗೆಲ್ಲಬೇಕಾಯಿತು. ವ್ಯಾಪಾರಿ ಹೋದ ಮೇಲೆ ಅಂಥ ಆಟವನ್ನು ಅವನು ಆಡಿಯೇ ಇರಲಿಲ್ಲ.

ಹಳೆಯ ದಿನಗಳೆಲ್ಲ ಒಮ್ಮೆಲೇ ನುಗ್ಗಿ ಬಂದವು. ಟ್ರೋಫಿಯನ್ನೂ ಮರೆತು ತಾನೇ ಕಾಯಿಗಳನ್ನು ಜೋಡಿಸತೊಡಗಿದ. "ಬಾ ಮಗೂ, ಹೊರಗೆ ಕೂತು ಈ ಆಟ ನೋಡೋಣ" ಎಂದ.

"ಬೇಡ ಅಂಕಲ್, ಹೋದ ವರ್ಷಾನೇ ನೋಡಿದ್ವಲ್ಲ" ಎಂದು ಹುಡುಗಿ ಅವನ ಕೈ ಕುಲುಕಿ ಹೊರಟುಹೋದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗೆದ್ದದ್ದು ಅವನೇ ತಾನೇ?" ಎಂದ.

"ಗೆದ್ದ, ಆದರೆ ಅವತ್ತು ಅವನು ಎಷ್ಟು ಚೆನ್ನಾಗಿ ಆಡಿದ ಎಂಬುದು ಗೊತ್ತಿದ್ದದ್ದು ಆ ಹುಡುಗಿಯೊಬ್ಬಳಿಗೇ. ಅವಳೋ ಅವನ ಜೊತೆ ಮೆಟ್ಟಿಲ ಮೇಲೆ ಕೂರಲಿಲ್ಲ" ಎಂದರು ಗುರುಗಳು.