ಗುಂಡಿಯ ಬಾಯಿಗೆ ಇಟ್ಟ ಟೈರು

ಪೇಟೆಬೀದಿಯ ಗುಂಡಿಗೆ ಯಾರೂ ಬೀಳದಿರಲೆಂದು ಜನ ಅದರ ಬಾಯಿಗೆ ಹಳೇ ಟೈರೊಂದನ್ನು ಇಟ್ಟರು.

"ಅಯ್ಯಾ ಸವಕಲೇ, ನನ್ನ ಹೆಸರಿನಲ್ಲಿ ವರ್ಷವರ್ಷವೂ ನಗರಸಭೆಯ ಅನುದಾನ ಬರುತ್ತದೆ. ಸುರಿದ ಜಲ್ಲಿಯನ್ನೆಲ್ಲ ಮೊದಲ ಮಳೆಗೇ ಉಗುಳುತ್ತೇನೆ. ಇಲ್ಲಿ ನಿನಗೇನು ಕೆಲಸ?" ಎಂದು ಗುಂಡಿ ಗಹಗಹಿಸಿತು.

"ಎಚ್ಚರಿಕೆ ಕೊಡುವುದು," ಎಂದಿತು ಟೈರು. ಹಿಂದೆ ಇದೇ ಗುಂಡಿಗೆ ಬಿದ್ದು ತಾನು ಒಡೆದದ್ದನ್ನು ಅದು ಮರೆತಿರಲಿಲ್ಲ.

ಆ ವರ್ಷದ ಅನುದಾನ ಹಳೇ ಟೈರು ಬೆರೆಸಿದ ಡಾಂಬರಿಗೆ ಮಂಜೂರಾಯಿತು. ಟೈರು ಪುಡಿಯಾಯಿತು, ಡಾಂಬರಿನಲ್ಲಿ ಕುದಿಯಿತು, ಗುಂಡಿಯೊಳಕ್ಕೆ ಇಳಿಯಿತು. ಮಳೆ ಬಂತು. ಗುಂಡಿ ಉಗುಳಲು ಹೆಣಗಿತು. ಟೈರು ಬಗ್ಗಿತು, ಜಗ್ಗಲಿಲ್ಲ.

"ಎಚ್ಚರಿಕೆ ಕೊಡುವುದಷ್ಟೇ ನಿನ್ನ ಕೆಲಸ ಎಂದಿದ್ದೆಯಲ್ಲ!" ಎಂದು ಗುಂಡಿ ಉಸಿರುಗಟ್ಟಿ ಕೂಗಿತು.

"ಕೊಟ್ಟಿದ್ದೆನಲ್ಲ, ನಿನಗೇ," ಎಂದಿತು ಟೈರು.