ತಿಪ್ಪೇಶಿಯ ಗಾಡಿಗೆ ಜಿಪಿಎಸ್ ಕಟ್ಟಿದ್ದು

ಹತ್ತಿರ ಬಂದು ಕೂತ್ಕೊಳ್ಳಿ. ನಗು ಬಂದರೆ ನಗಿ. ಆದರೆ ಓಬಮ್ಮನ ಎದುರಿಗೆ ಮಾತ್ರ ನಗಬೇಡಿ. ಅವಳು ನಗೋದು ಬಿಟ್ಟು ಬಹಳ ದಿನ ಆಯ್ತು.

ಹಿರಿಯೂರಿನ ಕಡೆ ಒಂದು ಹಳ್ಳಿ. ಅಲ್ಲಿ ಓಬಮ್ಮ, ಅವಳಿಗೊಬ್ಬನೇ ಮಗ ತಿಪ್ಪೇಶಿ. ಮಗ ಸೋಮಾರಿಯಲ್ಲ, ಕಳ್ಳನಲ್ಲ, ಕುಡುಕನಲ್ಲ. ಹೇಳಿದ್ದು ಮಾಡ್ತಾನೆ. ಅದೇ ಅವಳ ಕಷ್ಟ. ಏನು ಹೇಳಿದರೆ ಅದನ್ನೇ ಮಾಡ್ತಾನೆ! ಮೊಬೈಲ್ ಕೊಡಿಸಿ "ಜೋಪಾನವಾಗಿ ಇಟ್ಕೋ" ಅಂದಳು. ರಾಗಿ ತುಂಬಿದ ಕಣಜದ ತಳದಲ್ಲಿ ಇಟ್ಟ. ಅದು ಇನ್ನೂ ಅಲ್ಲೇ ಇದೆ.

ಅವನ ಹತ್ರ ಒಂದು ದೊಡ್ಡ ಗಾಡಿ ಇತ್ತು. ತೀರಿಕೊಂಡ ಸೋದರಮಾವನದು. ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮುಂದೆ ಗಾಳಿ ತಡೆಯೋ ಗಾಜು, ದೇಶ ಸುತ್ತೋಕೆ ಅಂತಲೇ ಮಾಡಿದ ಮೋಟರ್ ಸೈಕಲ್ಲು. ತಿಪ್ಪೇಶಿ ಅದನ್ನು ಚೆನ್ನಾಗೇ ಓಡಿಸ್ತಿದ್ದ. ಆದರೆ ಎಲ್ಲಿಗೂ ತಲುಪ್ತಿರಲಿಲ್ಲ. ರಸ್ತೆ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗಿ, ರಸ್ತೆ ಮುಗಿದರೆ ನಿಲ್ತಿದ್ದ. ಎರಡು ಕಡೆ ಹೆಣ್ಣು ನೋಡೋಕೆ ಹೊರಟ. ಎರಡು ಕಡೆಯೂ ಕಾದು ಕಾದು ಉಪ್ಪಿಟ್ಟು ಆರಿಹೋಯ್ತು.

ಮೂರನೇ ಸಂಬಂಧ ಮೊಳಕಾಲ್ಮೂರಿನ ಆಚೆಯ ಪಾಲಯ್ಯನದು. ಪಾಲಯ್ಯನ ಮಗಳು ಅನಸೂಯ. ದೊಡ್ಡ ಗಾಡಿ ಹತ್ತಿ ಊರೂರು ನೋಡಬೇಕು ಅನ್ನೋ ಆಸೆಯ ಹುಡುಗಿ. ಪಾಲಯ್ಯ ಖಡಾಖಂಡಿತವಾಗಿ ಹೇಳಿದ:

"ನೋಡಮ್ಮ, ನಿನ್ನ ಮಗ ಪೆದ್ದ ಅಂತ ಸುದ್ದಿ. ಹೌದೋ ಅಲ್ಲವೋ ನಾನೇ ನೋಡ್ತೀನಿ. ಬರೋ ಬುಧವಾರ ಒಬ್ಬನೇ ಗಾಡೀಲಿ ಬರಲಿ. ದಾರೀಲಿ ಯಾರನ್ನೂ ಕೇಳಬಾರದು. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ನನ್ನ ಹೊಸ್ತಿಲು ದಾಟಲಿ. ದಾಟಿದರೆ ಹುಡುಗಿ ಕೊಟ್ಟೆ!"

ಓಬಮ್ಮನಿಗೆ ಒಂದೇ ಚಿಂತೆ. ತಾನು ಹೋದ ಮೇಲೆ ಇವನಿಗೆ "ಉಣ್ಣು" ಅನ್ನೋರು ಯಾರು? "ಸಾಕು" ಅನ್ನೋರು ಯಾರು? "ಸಾಕು" ಅನ್ನದಿದ್ದರೆ ಇವನು ಉಣ್ತಾನೇ ಇರ್ತಾನಲ್ಲ!

ಯಾರೋ ಹೇಳಿದರು, ಜಿಪಿಎಸ್ ಅಂತ ಒಂದು ಡಬ್ಬಿ ಇದೆ, ಅದರೊಳಗಿಂದ ಒಬ್ಬಳು ಹೆಂಗಸು ದಾರಿ ಹೇಳ್ತಾಳೆ ಅಂತ. ಓಬಮ್ಮ ಮಗನನ್ನು ಪೇಟೆಗೆ ಕಳಿಸಿದಳು.

"ಸಿಕ್ಕಿದ್ದನ್ನ ತರಬೇಡ ಕಣೋ. ಮಳೇಲಿ ನೆಂದರೂ ಕೆಡಬಾರದು. ಪರೀಕ್ಷೆ ಮಾಡಿ ತಗೋ!"

"ಹೂನವ್ವ."

ಹೋದ. ಅಂಗಡಿಯವನು ಮೂರು ಡಬ್ಬಿ ತೆಗೆದಿಟ್ಟ. ತಿಪ್ಪೇಶಿ ಮೂರನ್ನೂ ಎತ್ತಿ, ಮೂಲೇಲಿದ್ದ ಬಕೆಟ್ಟಿನ ನೀರಿಗೆ ಮುಳುಗಿಸಿ, ಕುಕ್ಕರಗಾಲಲ್ಲಿ ಕೂತು ನೋಡ್ತಾ ಇದ್ದ. ಒಂದು ಸತ್ತಿತು. ಇನ್ನೊಂದೂ ಸತ್ತಿತು. ಮೂರನೇದು ನೀರೊಳಗಿಂದಲೇ "ಎಡಕ್ಕೆ ತಿರುಗಿ" ಅಂತು.

"ಇದು ಕೊಡಿ!" ಅಂದ ತಿಪ್ಪೇಶಿ.

ಸತ್ತ ಎರಡು ಡಬ್ಬಿಯ ದಂಡಕ್ಕೆ ಓಬಮ್ಮನ ಕಿವಿಯೋಲೆ ಆ ಅಂಗಡೀಲೇ ಉಳೀತು.

"ಅಯ್ಯೋ ನನ್ನ ಕರ್ಮವೇ! ಕೇಳಿ ತಿಳ್ಕೊಳೋದಲ್ವೇನೋ! ಹೋಗ್ಲಿ, ಒಂದಾದರೂ ಬದುಕ್ತಲ್ಲ. ಈಗ ಅದನ್ನ ಕಟ್ಟು. ಕಣ್ಣೆದುರಿಗೇ ಇರಬೇಕು, ತಿಳೀತಾ? ಕಣ್ಣೆದುರಿಗೇ!"

"ಹೂನವ್ವ."

ಹೆಲ್ಮೆಟ್ಟಿಗೆ ದಾರ ಸುತ್ತಿ, ಡಬ್ಬಿಯನ್ನ ಎರಡು ಕಣ್ಣಿಗೂ ಸರಿಯಾಗಿ ಕಟ್ಟಿದ. ಹೊರಟ. ದಾರಿ ಎಲ್ಲಾ ಡಬ್ಬೀಲಿ ಕಾಣ್ತಿತ್ತು, ಕಣ್ಣ ಮುಂದಿನ ದಾರಿ ಒಂದು ಬಿಟ್ಟು. ಹುಲ್ಲಿನ ಬಣವೆಯೊಳಗೆ ಗಾಡಿ ಅರ್ಧ ಹೋಗಿ ನಿಂತಿತು. ಗ್ಯಾರೇಜಿನ ಮಹಬೂಬ್ ಮೇಸ್ತ್ರಿ ಬಂದು ಕಾಲು ಹಿಡಿದು ಎಳೆದ.

"ಮುಖಕ್ಕೆ ಕಟ್ಕೋತಾರೇನಯ್ಯ ಇದನ್ನ! ಹ್ಯಾಂಡಲ್ಲಿಗೆ ಕಟ್ಟಬೇಕು, ಮೀಟರಿನ ಪಕ್ಕಕ್ಕೆ. ತಗೋ ಕ್ಲಾಂಪು, ತಗೋ ಸ್ಪ್ಯಾನರು. ಗಟ್ಟಿಯಾಗಿ ಬಿಗಿ. ಒಂದು ಚೂರೂ ಅಲ್ಲಾಡಬಾರದು!"

"ಹೂನಣ್ಣ."

ಬಿಗಿದ. ಅಲ್ಲಾಡಿಸಿ ನೋಡಿದ. ಡಬ್ಬಿ ಅಲ್ಲಾಡಲಿಲ್ಲ. ಆದರೆ ಹ್ಯಾಂಡಲ್ ತಿರುಗಿಸಿದರೆ ಅದರ ಜೊತೆ ಡಬ್ಬೀನೂ ತಿರುಗ್ತು! ಒಂದು ಚೂರೂ ಅಲ್ಲಾಡಬಾರದು ಅಂದಿದ್ದಾನಲ್ಲ ಮೇಸ್ತ್ರಿ? ತಿಪ್ಪೇಶಿ ಬಾವಿ ಹಗ್ಗ ತಂದ. ಹ್ಯಾಂಡಲ್ಲನ್ನ ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ ಎಳೆದು ಗಾಡಿಗೇ ಬಿಗಿದ. ಈಗ ನೋಡಿ, ಬಂಡೆ ಇದ್ದ ಹಾಗೆ ಇತ್ತು!

ಹೊರಟ. ನೆಟ್ಟಗೆ ಹೋದ. ಊರು ಮುಗೀತು, ನೆಟ್ಟಗೆ. ಹೊಲ ಬಂತು, ನೆಟ್ಟಗೆ. ಕೆರೆ ಬಂತು.

ಬಟ್ಟೆ ಒಗೀತಿದ್ದ ಹೆಂಗಸರು ಕಿರುಚಿಕೊಂಡು ಓಡಿದರು. ತಿಪ್ಪೇಶಿ ಕುತ್ತಿಗೆ ಮಟ್ಟ ನೀರಲ್ಲಿ ಕೂತು ಹೇಳಿದ, "ಅಲ್ಲಾಡಲೇ ಇಲ್ಲ ಕಣ್ರಕ್ಕ!"

ಓಬಮ್ಮ ಕೆರೆ ಏರಿ ಮೇಲೆ ನಿಂತು ತಲೆ ಚಚ್ಚಿಕೊಂಡಳು. "ತಿರುಗಬೇಕು ಕಣೋ! ಗಾಡಿ ಅಂದ ಮೇಲೆ ತಿರುಗಬೇಕು! ಡಬ್ಬಿಯೊಳಗಿನ ಹೆಂಗಸು ಎಡಕ್ಕೆ ಅಂದರೆ ಎಡಕ್ಕೆ ತಿರುಗು, ಬಲಕ್ಕೆ ಅಂದರೆ ಬಲಕ್ಕೆ ತಿರುಗು!"

"ಹೂನವ್ವ."

ಮಾರನೇ ದಿನ ಡಬ್ಬಿ ಅಂತು, "ಇನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ." ಎಡಕ್ಕೆ ಅಂದಳಲ್ಲ, ತಿರುಗಿದ. ಅಲ್ಲಿದ್ದದ್ದು ಹಾಲಿನ ಡೇರಿ. ಕ್ಯಾನು ಹಿಡಿದು ಸಾಲಾಗಿ ನಿಂತ ಜನ ಗೋಡೆ ಹತ್ತಿದರು. ಹಾಲು ಚರಂಡಿ ಸೇರಿತು.

ಆವತ್ತು ಓಬಮ್ಮ ಬೈಯಲಿಲ್ಲ. ಒಲೆ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಅವ್ವ, ಯಾಕವ್ವ ಅಳ್ತೀಯ? ತಪ್ಪಾಗಿ ತಿರುಗಿದೆನಾ?"

"ಇಲ್ಲಪ್ಪ. ಸರಿಯಾಗೇ ತಿರುಗಿದೆ. ಬಾ ಉಣ್ಣು."

ಮಹಬೂಬ್ ಮೇಸ್ತ್ರಿಗೆ ಕರುಳು ಚುರುಕ್ ಅಂತು. ಮೂರು ದಿನ ಗ್ಯಾರೇಜು ಮುಚ್ಚಿ, ತಿಪ್ಪೇಶಿಯ ಹಿಂದೆ ಕೂತು, ಮೀಟರ್ ಅಂದರೆ ಎಷ್ಟು, ಎಲ್ಲಿ ತಿರುಗಬೇಕು, ಎಲ್ಲಿ ತಿರುಗಬಾರದು ಅಂತ ಕೈ ಹಿಡಿದು ಕಲಿಸಿದ. ಪಾಲಯ್ಯನ ಮನೆ ಜಾಗ ಡಬ್ಬಿಗೆ ಹಾಕಿಕೊಟ್ಟ. ತಿಪ್ಪೇಶಿ ಕಲಿತ. ಮೇಸ್ತ್ರಿ ಬಂದು ಹೇಳಿದ, "ಅಮ್ಮ, ತಲುಪ್ತಾನೆ. ನಾನು ಹೇಳ್ತೀನಿ, ತಲುಪ್ತಾನೆ."

ಬುಧವಾರ ಬಂತು. ಓಬಮ್ಮ ಹಣ್ಣು ಹೂವು ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಮುಂದಾಗಿ ಹೊರಟಳು. ಹೊರಡೋ ಮುಂಚೆ ಮಗನ ಗಲ್ಲ ಹಿಡಿದು ಹೇಳಿದಳು:

"ನನ್ನಪ್ಪಾ, ಇವತ್ತೊಂದು ದಿನ. ದಾರೀಲಿ ಯಾರು ಕೂಗಿದರೂ ನಿಲ್ಲಬೇಡ. ಡಬ್ಬಿ 'ತಲುಪಿದ್ದೀರಿ' ಅಂತ ಹೇಳೋವರೆಗೂ ಗಾಡಿ ಇಳೀಬೇಡ. ನನ್ನಾಣೆ!"

"ಹೂನವ್ವ. ನಿನ್ನಾಣೆ."

ಹನ್ನೊಂದೂವರೆ. ಪಾಲಯ್ಯನ ಅಂಗಳದಲ್ಲಿ ನೆಂಟರು, ಬಾಗಿಲ ಸಂದೀಲಿ ಅನಸೂಯ, ಹೊಸ್ತಿಲ ಪಕ್ಕ ಓಬಮ್ಮ. ದೂರದಿಂದ ಗಾಡಿ ಸದ್ದು ಕೇಳಿಸ್ತು. ಗುಡುಗುಡುಗುಡು. ಬಂದ! ಯಾರನ್ನೂ ಕೇಳದೆ ಬಂದ! ಓಬಮ್ಮನ ಕಣ್ಣು ತುಂಬಿ ಬಂತು.

"ಭೇಷ್!" ಅಂದ ಪಾಲಯ್ಯ.

ಅಷ್ಟರಲ್ಲಿ ಅನಸೂಯಳ ಅಜ್ಜಿ ಜಗಲಿ ಮೇಲಿಂದ ಎದ್ದಳು. "ಏಯ್! ತೆಂಕಣ ಓಣಿಯಿಂದ ಬರ್ತಿದಾನಲ್ರೋ! ಮದುವೆ ಗಂಡು ತೆಂಕಲಿಂದ ಬರ್ತಾನೇನು? ಸುತ್ತಿ ಮೂಡಲಿಂದ ಬರಲಿ!"

ಎಲ್ಲರೂ ಕೈ ಬೀಸಿದರು. ಓಬಮ್ಮನೂ ಬೀಸಿದಳು. ಸುತ್ತಿ ಬಾ, ಸುತ್ತಿ ಬಾ! ತಿಪ್ಪೇಶಿ ಮನೆ ಸುತ್ತಿ ಮೂಡಲ ಬಾಗಿಲಿಗೆ ಬಂದ. ಡಬ್ಬಿಗೆ ತೆಂಕಣ ಓಣಿ ಒಂದೇ ಗೊತ್ತು. ಅದು ಅಂತು, "ದಾರಿ ತಪ್ಪಿದೆ. ಮುಂದೆ ಬಲಕ್ಕೆ ತಿರುಗಿ."

ತಿಪ್ಪೇಶಿ ಬಾಗಿಲು ದಾಟಿ ಮುಂದೆ ಹೋದ.

"ಇಳಿಯಪ್ಪ, ಇದೇ ಮನೆ!" ಪಾಲಯ್ಯ ಕೂಗಿದ. ಯಾರು ಕೂಗಿದರೂ ನಿಲ್ಲಬಾರದಲ್ಲ! ತೆಂಕಣ ಓಣಿಗೆ ಬಂದ. "ತೆಂಕಲಿಂದ ಬೇಡ!" ಅಂತ ಅಜ್ಜಿ ಕೋಲು ಎತ್ತಿದಳು. ಡಬ್ಬಿ ಬಾಯಿ ಬಿಡೋ ಮುಂಚೆ ಮತ್ತೆ ಸುತ್ತಿದ. ಮೂಡಲಿಗೆ ಬಂದರೆ ಡಬ್ಬಿ ಬೇಡ ಅಂತು. ತೆಂಕಲಿಗೆ ಹೋದರೆ ಅಜ್ಜಿ ಬೇಡ ಅಂದಳು. ಒಂದು ಸುತ್ತು, ಮೂರು ಸುತ್ತು, ಒಂಬತ್ತು ಸುತ್ತು! ಓಣಿಯ ಜನ ಹರಕೆ ಇರಬೇಕು ಅಂತ ಕೈ ಮುಗಿದರು.

"ಇಳಿಯೋ, ನಿನ್ನ ದಮ್ಮಯ್ಯ!" ಓಬಮ್ಮ ಗಾಡಿಯ ಹಿಂದೆ ಓಡಿದಳು.

"ಡಬ್ಬಿ ಇನ್ನೂ ಹೇಳಿಲ್ಲವ್ವ! ನಿನ್ನಾಣೆ ಇದೆ!"

ಹನ್ನೆರಡು ಹೊಡೀತು. ಪಾಲಯ್ಯ ಅಡ್ಡ ನಿಂತು ಗಾಡಿ ಹಿಡಿದ, ಡಬ್ಬಿಯ ವೈರು ಕಿತ್ತ. ಡಬ್ಬಿ ಕಪ್ಪಾಯ್ತು.

"ಈಗ ಇಳಿ!"

ತಿಪ್ಪೇಶಿ ಗಾಬರಿಯಿಂದ ಡಬ್ಬಿ ನೋಡಿದ. "ಅಯ್ಯೋ ಮಾವ, ಏನು ಮಾಡಿದ್ರಿ! ಇನ್ನು ಅದು ಹೇಳೋದು ಯಾವಾಗ, ನಾನು ಇಳಿಯೋದು ಯಾವಾಗ?"

ಬಾಗಿಲ ಸಂದೀಲಿದ್ದ ಅನಸೂಯ ಒಳಕ್ಕೆ ಸರಿದಳು. ಆಮೇಲೆ ಕದ ಮೆಲ್ಲಗೆ ಹಾಕಿಕೊಂಡಿತು.

ನಾಲ್ಕು ಜನ ಎಳೆದರೂ ಅವನು ಗಾಡಿ ಬಿಡಲಿಲ್ಲ. ಕೊನೆಗೆ ಅವನ ಸಮೇತ ಗಾಡಿಯನ್ನು ಒಂದು ಟೆಂಪೋಗೆ ಎತ್ತಿ ಹಾಕಿ, ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟು, ಅದರ ಪಕ್ಕದಲ್ಲಿ ಓಬಮ್ಮನನ್ನು ಕೂರಿಸಿ ಕಳಿಸಿದರು. ಅವನು ದಾರಿಯುದ್ದಕ್ಕೂ ಹ್ಯಾಂಡಲ್ ಹಿಡಿದು ತಿರುವಿಗೆ ತಿರುವು ವಾಲ್ತಾ ಬಂದ.

ಹೊತ್ತು ಇಳಿಯೋ ಹೊತ್ತಿಗೆ ಊರು ಸಿಕ್ತು. ಗಾಡಿಯನ್ನು ಮನೆ ಮುಂದೆ ಇಳಿಸಿದರು. ತಿಪ್ಪೇಶಿ ಮೇಲೇ ಕೂತಿದ್ದ. ಮುದ್ದೆ ಆಯ್ತು, ಇಳೀಲಿಲ್ಲ. ಓಬಮ್ಮ ಒಲೆ ಮುಂದಿಂದ ಎದ್ದು ಬಂದು, ಗಾಡಿ ಮುಂದೆ ಬಗ್ಗಿ, ಸತ್ತ ಡಬ್ಬಿಯ ಹಿಂದೆ ಬಾಯಿಟ್ಟು, ಸಣ್ಣ ದನಿಯಲ್ಲಿ ಅಂದಳು:

"ನೀವು ತಲುಪಿದ್ದೀರಿ."

ಥಟ್ಟನೆ ಇಳಿದ! ಓಬಮ್ಮ ಎದೆ ಎದೆ ಬಡಿದುಕೊಂಡಳು. ಇಷ್ಟೇನಾ! ಈ ಬುದ್ಧಿ ಪಾಲಯ್ಯನ ಅಂಗಳದಲ್ಲಿ ತನಗೆ ಯಾಕೆ ಹೊಳೀಲಿಲ್ಲ?

ತಿಪ್ಪೇಶಿ ಅಂಗಿ ಕೊಡವಿಕೊಂಡ, ಕ್ರಾಪು ತೀಡಿಕೊಂಡ, ಹೂವಿನ ಬುಟ್ಟಿ ಎತ್ತಿಕೊಂಡ. ಬಲಗಾಲಿಟ್ಟು ತನ್ನ ಮನೆಯ ಹೊಸ್ತಿಲನ್ನು ತಾನೇ ದಾಟಿ ಒಳಗೆ ಚಾಪೆ ಮೇಲೆ ಕೂತ. ಹಿಂದೆಯೇ ಬಂದ ತಾಯಿಗೆ ಕೈ ಮುಗಿದು, ನಾಚಿಕೊಂಡು ಹೇಳಿದ:

"ನಮಸ್ಕಾರ ಅತ್ತೆ. ಸ್ವಲ್ಪ ತಡ ಆಯ್ತು. ಹುಡುಗೀನ ಕರೀರಿ."