ಸಾಕ್ಷಿದಿಬ್ಬದ ಮೇಲೆ ಕೂತ ರಕ್ಕಸ

"ಕೇಳ್ರಪ್ಪೋ ಕೇಳಿ! ಕಲ್ಮೇಡಿನ ದೊರೆ ಬಿಜ್ಜರಸರ ಅಪ್ಪಣೆ! ಹೊಸ ಕೆರೆಯಲ್ಲಿ ಕೂತಿರೋ ರಕ್ಕಸನ ಮೂರು ಒಗಟು ಬಿಡಿಸಿದ ಗಂಡಿಗೆ ಅರ್ಧ ರಾಜ್ಯ, ರಾಜಕುಮಾರಿ ಚೆಲುವಾಜಿಯ ಜೊತೆ ಮದುವೆ! ತಪ್ಪು ಹೇಳಿದವನಿಗೆ ರಕ್ಕಸನ ಹೊಟ್ಟೆ! ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ!"

ಡಂಗುರ ಕೇಳಿ ಊರಿಗೆ ಊರೇ ಕೆರೆಗೆ ಓಡಿತು. ನೀರಿಗಾಗಿ ತೋಡಿದ ಕೆರೆ ಅದು. ಒರತೆ ಸಿಕ್ಕಿತು ಅನ್ನುವಷ್ಟರಲ್ಲಿ ತಳದ ಗವಿಯಿಂದ ಎದ್ದು ಬಂದ ರಕ್ಕಸ ನಟ್ಟನಡುವಿನ ಸಾಕ್ಷಿದಿಬ್ಬದ ಮೇಲೆ ಕುಂಡೆ ಊರಿ, ಒರತೆಯ ಬಾಯಿಗೆ ಕೈಯ ಹೆಬ್ಬೆರಳು ಒತ್ತಿ ಕೂತುಬಿಟ್ಟಿದ್ದ.

ಸಾಕ್ಷಿದಿಬ್ಬ ಮಣ್ಣು ಅಗೆಯುವವರ ಪದ್ಧತಿ. ಎಷ್ಟು ಆಳ ತೋಡಿದೆವು ಅಂತ ತೋರಿಸಲು ನಡುವೆ ಒಂದಿಷ್ಟು ನೆಲ ಮುಟ್ಟದೆ ಬಿಡುತ್ತಾರೆ. ಅಳತೆ ಮುಗಿದ ಮೇಲೆ ಅದನ್ನೂ ಕೆಡವುತ್ತಾರೆ. ಈ ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನಿಲ್ಲಿಸಿದವನು ಓಬ. ಕೈಯಲ್ಲಿ ಪಿಕಾಸಿ, ಬಾಯಲ್ಲಿ ಬಡಾಯಿ, ಇಷ್ಟೇ ಅವನ ಆಸ್ತಿ.

ಮೊದಲು ಮುಂದೆ ಬಂದವನು ದಳವಾಯಿಯ ಮಗ. ರಕ್ಕಸ ಕೇಳಿದ: "ಒಂದು ಮನೆ. ಮೊಮ್ಮಗ ಮೇಲೆ ಮಲಗ್ತಾನೆ, ಅವನಡಿಗೆ ಅಪ್ಪ, ಅಪ್ಪನಡಿಗೆ ಅಜ್ಜ, ಅಜ್ಜನಡಿಗೆ ಮುತ್ತಜ್ಜ. ಒಬ್ಬರೂ ಮಗ್ಗುಲು ಬದಲಿಸಲ್ಲ. ಯಾವ ಮನೆ?"

"ನಮ್ಮ ವಂಶದ ಸಮಾಧಿ!"

ಗುಳುಂ. ರಕ್ಕಸ ಅವನನ್ನು ಇಡಿಯಾಗಿ ನುಂಗಿದ. ಅವನ ಒಂಟಿ ಚಪ್ಪಲಿ ಮಾತ್ರ ಹೊರಗೆ ಬಿದ್ದಿತ್ತು.

ಎರಡನೆಯವನು ನೆರೆರಾಜ್ಯದ ಯುವರಾಜ. "ಮೊದಲನೇದು ಆಮೇಲೆ ಹೇಳ್ತೀನಿ, ಎರಡನೇದು ಕೇಳು" ಅಂದ, ಜಾಣನ ಹಾಗೆ.

"ನೀರಿಲ್ಲದ ಊರಿನ ನೆಲದಡಿ ಒಬ್ಬ ನೀರಿನವನು. ಮೈ ಹೋಯ್ತು, ಮನೆ ಉಳೀತು. ಮನೆಯೊಳಗೆ ಕಲ್ಲು ಬಂದು ವಾಸ ಮಾಡ್ತು. ಯಾರವನು? ಯಾವ ದಾರೀಲಿ ಇಲ್ಲಿಗೆ ಬಂದ?"

"ಕಪ್ಪೆ! ಬಾವಿ ದಾರೀಲಿ!"

ಗುಳುಂ. ಅರಸನ ಕೈಯ ಬೀಸಣಿಗೆ ಕೆಳಗೆ ಬಿತ್ತು.

ಆಗ ಓಬನ ಬಾಯಿ ತನ್ನಷ್ಟಕ್ಕೆ ತೆರೆಯಿತು. "ಥೂ, ಇಷ್ಟೇನಾ? ಇದನ್ನ ನಮ್ಮ ಕತ್ತೇನೂ ಹೇಳುತ್ತೆ!"

ಪಕ್ಕದವನಿಗೆ ಅಂದದ್ದು ಅದು. ರಕ್ಕಸನ ಕಿವಿಯೋ ಮೊರದಗಲ. "ಬಾರಲೇ ಮಣ್ಣುಹುಳ, ಕತ್ತೆ ಬೇಡ, ನೀನೇ ಹೇಳು."

ಜನ ಸರ್ರನೆ ದಾರಿ ಬಿಟ್ಟರು. ಓಬ ಮೀಸೆ ಹುರಿ ಮಾಡುತ್ತ ಮುಂದೆ ಬಂದ.

"ಮೊದಲನೇ ಮನೆ ಮೇಲೆ ನೀನೇ ಕೂತಿದೀಯ ರಕ್ಕಸಪ್ಪ. ಈ ದಿಬ್ಬ ನೋಡು. ಮೇಲೆ ಕರಿಮಣ್ಣು, ಅದರಡಿ ಕೆಂಪು ಗರಸು, ಅದರಡಿ ಬೂದಿ ಬಣ್ಣದ ಕಲ್ಲುಹಾಸು, ತಳದಲ್ಲಿ ಬಿಳಿ ಸುಣ್ಣಕಲ್ಲು. ಮೊದಲು ಬಿದ್ದದ್ದು ಕೆಳಗೆ, ಆಮೇಲೆ ಬಿದ್ದದ್ದು ಮೇಲೆ. ಅಡಿಗಿರೋನು ಮುತ್ತಜ್ಜ, ಮೇಲಿರೋನು ಮೊಮ್ಮಗ."

ರಕ್ಕಸನ ಹುಬ್ಬು ಏರಿತು. "ಎರಡು?"

ಓಬ ತಳದ ಸುಣ್ಣಕಲ್ಲಿಗೆ ಪಿಕಾಸಿ ಹಾಕಿ ಚಕ್ಕೆ ಎಬ್ಬಿಸಿದ. ಒಳಗೆ ಸುರುಳಿ ಸುರುಳಿ ಶಂಖ, ಹೊಟ್ಟೆ ತುಂಬ ಕಲ್ಲು. "ಸುಣ್ಣ ಸುಡೋರು ಕಡಲ ದಂಡೆಯಿಂದ ಗಾಡಿಗಟ್ಟಲೆ ತರ್ತಾರಲ್ಲ, ಅದೇ ಜಾತಿ. ಇವನು ಯಾವ ದಾರೀಲೂ ಬರಲಿಲ್ಲ. ಹುಟ್ಟಿದ್ದೂ ಇಲ್ಲೇ, ಸತ್ತದ್ದೂ ಇಲ್ಲೇ. ಇಲ್ಲಿ ಕಡಲಿತ್ತು."

"ಕಡಲಾ?" ಅರಸ ಎದ್ದು ನಿಂತ. "ನಮ್ಮ ಕಲ್ಮೇಡಿನಲ್ಲಾ?" ಮುದುಕಿಯೊಬ್ಬಳು ನೆಲ ಒದ್ದೆಯಾಗಿದೆಯೇನೋ ಎಂಬಂತೆ ಸೀರೆ ಎತ್ತಿ ಹಿಡಿದಳು. ಓಬನೂ ತಾನು ನಿಂತ ನೆಲವನ್ನು ಬಗ್ಗಿ ನೋಡಿದ. ಇಷ್ಟು ದಿನ ಅವನು ಕಡಲಿನ ತಳದಲ್ಲಿ ಕೂತು ರೊಟ್ಟಿ ತಿಂದಿದ್ದ!

ರಕ್ಕಸ ಕೆಳಗೆ ಬಗ್ಗಿದ. ಉಸಿರು ಹಸಿ ಗವಿಯ ಹಾಗೆ ನಾರಿತು. "ಮೂರನೇದು. ನೆಲ ಹುಟ್ಟಿದ ದಿನ ನಾನು ಇಲ್ಲಿ ಕೂತೆ. ಅದಕ್ಕೇ ಈ ನೆಲ, ನೀರು ಎಲ್ಲ ನಂದು. ನನಗಿಂತ ಹಿರಿಯರು ಇಲ್ಲಿ ಯಾರು? ಯಾರೂ ಇಲ್ಲ ಅಂದರೆ ಅದು ಉತ್ತರವಲ್ಲ, ತಿಂತೀನಿ. ಸುಳ್ಳು ಹೆಸರು ಹೇಳಿದರೂ ತಿಂತೀನಿ."

ಓಬ ತಲೆ ತಗ್ಗಿಸಿದ. ತಗ್ಗಿಸಿದ್ದೇ ಒಳ್ಳೆಯದಾಯಿತು. ಎದುರಿಗೆ ರಕ್ಕಸನ ಕಾಲಿತ್ತು. ಆರು ಬೆರಳು.

ಬೂದಿ ಹಾಸು ಕಡಿದ ದಿನ ಆ ಮೆಟ್ಟಿಲ ಮೇಲೆ ಓಬ ಒಂದು ಗುಳಿ ಕಂಡಿದ್ದ. ಮಳೆನೀರು ನಿಲ್ಲುತ್ತೆ ಅಂತ ಬೈದು ಮರೆತಿದ್ದ.

"ರಕ್ಕಸಪ್ಪ, ಆ ಬೂದಿ ಮೆಟ್ಟಿಲ ಮೇಲಿನ ಗುಳೀಲಿ ಸ್ವಲ್ಪ ಕಾಲಿಡು."

ಇಟ್ಟ. ಹಿಮ್ಮಡಿ ಕೂತಿತು. ಬೆರಳು ಆರಕ್ಕೆ ಆರೂ ಕೂತವು. ಅಚ್ಚಿಗೆ ಬೆಲ್ಲ ಕೂತ ಹಾಗೆ.

"ಅದು ಕಲ್ಲಾಗೋ ಮುಂಚೆ ಕೆಸರು. ನೀನು ಮೊದಲು ಕಾಲಿಟ್ಟಾಗ ಹಸಿಯಾಗಿತ್ತು. ಅದರಡಿಯ ಮೆಟ್ಟಿಲೆಲ್ಲ ನಾನೇ ಕಡಿದದ್ದು, ಒಂದರಲ್ಲೂ ಆರು ಬೆರಳಿಲ್ಲ. ಶಂಖ ಎಲ್ಲಿದೆ? ನಿನ್ನ ಹೆಜ್ಜೆಗಿಂತ ಕೆಳಗೆ! ನಿನಗಿಂತ ಹಿರಿಯನು ಈ ಶಂಖದ ಹುಳ. ಅವನು ಸತ್ತು, ಕಡಲು ಬತ್ತಿ, ಕೆಸರು ಬಿದ್ದ ಮೇಲೆ ಬಂದವನು ನೀನು!"

ರಕ್ಕಸ ತನ್ನ ಹೆಜ್ಜೆ ನೋಡಿದ, ಶಂಖ ನೋಡಿದ. ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಅದೇ ಸಂದಿಯಲ್ಲಿ ದಳವಾಯಿಯ ಮಗ ತೆವಳಿ ಹೊರಬಿದ್ದ, ಹಿಂದೆ ಯುವರಾಜ, ಮೈಯೆಲ್ಲ ಜೊಲ್ಲು. ರಕ್ಕಸ ಅವರತ್ತ ನೋಡಲೂ ಇಲ್ಲ. ಹೆಬ್ಬೆರಳು ತೆಗೆದು, ಶಂಖಕ್ಕೆ ಕೈಮುಗಿದು, "ನಾನೂ ಆಮೇಲೆ ಬಂದವನೇ" ಅನ್ನುತ್ತ ಬೆಟ್ಟದಾಚೆ ನಡೆದುಬಿಟ್ಟ. ಒರತೆ ಬುಳಬುಳನೆ ಚಿಮ್ಮಿತು.

"ಬಾಯಿಬಡುಕ ನಿಜ, ಆದರೆ ಕಾಲಡಿ ನೋಡ್ತಾನೆ. ನನಗೆ ಒಪ್ಪಿಗೆ ಅಪ್ಪಾಜಿ" ಅಂದಳು ಅರಸನ ಪಕ್ಕದಲ್ಲಿದ್ದ ಚೆಲುವಾಜಿ.

"ಅರ್ಧ ರಾಜ್ಯ ನಿನ್ನದು ಓಬ. ಇನ್ನೇನು ಬೇಕು?" ಅರಸ ಕೇಳಿದ.

"ಈ ದಿಬ್ಬ ಕೆಡವಬೇಡಿ ಬುದ್ಧಿ. ನೀರಿನ ನಡುವೆ ಹೀಗೇ ನಿಂತಿರಲಿ."

ಅರಸ ಒಪ್ಪಿ, ಮೆಟ್ಟಿಲು ಹತ್ತಿ ತುದಿಗೆ ಬಂದ. "ಸರಿ, ಇದರಲ್ಲಿ ನಮ್ಮ ವಂಶ ಎಲ್ಲಿದೆ? ನಮ್ಮ ತಾತ, ಮುತ್ತಾತ, ಕೋಟೆ, ಯುದ್ಧ?"

ಓಬ ಕರಿಮಣ್ಣಿನ ನೆತ್ತಿಯ ಮೇಲಿನ ಹುಲ್ಲುಬೇರು ತೋರಿಸಿದ. ಅದಕ್ಕೆ ಅಂಟಿದ್ದು ಉಗುರಿನಷ್ಟೂ ದಪ್ಪವಿಲ್ಲದ ಧೂಳು.

ಅರಸ ತನ್ನ ಕಾಲಡಿ ನೋಡಿದ. ಆಮೇಲೆ, ವಂಶ ಎಲ್ಲಿ ಒರೆಸಿಹೋಗುತ್ತೋ ಅಂತ, ಮೆಲ್ಲಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.